ಮಾನಿಟರಿನ ಮೂಲೆಯ ಕುಂಕುಮ

ಒಬ್ಬ ಹುಡುಗಿಗೆ ಸಿಕ್ಕಿದ್ದ ಹಾಸ್ಟೆಲ್ ಸೀಟು ನನ್ನಿಂದ ತಪ್ಪಿಹೋಯಿತು. ಆ ತಪ್ಪನ್ನು, ನನ್ನ ಜೊತೆ ಹದಿನೆಂಟು ವರ್ಷ ಕೆಲಸ ಮಾಡಿದ ಹೆಂಗಸಿನ ತಲೆಗೆ ಕಟ್ಟಿದೆ. ಮೊದಲನೆಯದು ನನ್ನ ಸೋಮಾರಿತನ. ಎರಡನೆಯದಕ್ಕೆ ಹಾಗೆ ಮೆತ್ತಗಿನ ಹೆಸರು ಕೊಡಲು ಬರುವುದಿಲ್ಲ. ಅದು ಸುಳ್ಳು, ಯೋಚಿಸಿ ಹೇಳಿದ ಸುಳ್ಳು. ಆಕೆಯ ತಪ್ಪೇನೂ ಇರಲಿಲ್ಲ ಎಂದು ಖಚಿತವಾಗಿ ಗೊತ್ತಿದ್ದವರು ಇಷ್ಟು ವರ್ಷ ಇಬ್ಬರೇ, ಆಕೆ ಮತ್ತು ನಾನು. ಹೋದ ತಿಂಗಳು ಮೂರನೆಯವರಿಗೆ ಹೇಳಿ ಬಂದೆ. ಇನ್ನು ಓದಿದವರಿಗೆಲ್ಲ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತುಮಕೂರಿನಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದೆ. ಟೈಪ್‌ರೈಟರುಗಳ ಕಾಲ ಮುಗಿದಾಗ ಎರಡು ಕಂಪ್ಯೂಟರ್ ತಂದು ಮದುವೆ ಪತ್ರಿಕೆ, ಬಾಂಡ್ ಪೇಪರ್, ಕರಪತ್ರಗಳ ಕೆಲಸ ಶುರುಮಾಡಿದೆ. ಇಂಟರ್ನೆಟ್ ಬಂದ ಮೇಲೆ ಬೇರೆಯವರ ವೆಬ್ ಪುಟಗಳ ಒಳಗು ತೆಗೆದು ನೋಡಿ, ನಕಲು ಮಾಡಿ, ಕೆಡಿಸಿ, ಸರಿಮಾಡಿ, ಕೊನೆಗೆ ನಾನೂ ಪುಟ ಮಾಡುವುದನ್ನು ಕಲಿತೆ. ಯಾವ ಕಾಲೇಜಿಗೂ ಹೋಗದೆ ಪುಟಕ್ಕೆ ಕೆಲಸ ಹೇಳುವ ಜಾವಾಸ್ಕ್ರಿಪ್ಟ್ ಕೋಡ್ ಬರೆಯುತ್ತೇನೆ ಎಂಬ ಜಂಬ ನನಗೆ ಬಹಳ ಇತ್ತು. ಅಂಗಡಿಗೆ ಬಂದವರು ‘ಸಾರ್’ ಎಂದು ಕರೆದರೆ, ಹೈಸ್ಕೂಲಿಗೆ ನಿಂತ ನನ್ನ ಓದನ್ನು ಆ ಒಂದು ಪದ ಮುಚ್ಚಿಬಿಡುತ್ತದೆ ಅನ್ನಿಸುತ್ತಿತ್ತು.

ನಾನು ತಪ್ಪು ಹೊರಿಸಿದ ಆಕೆ ಟೈಪಿಂಗ್ ಕಲಿಯಲು ಬಂದವರು, ಕಲಿಸಲು ಉಳಿದರು. ಮದುವೆಯಾಗಿರಲಿಲ್ಲ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕನ್ನಡವನ್ನು ಅವರಷ್ಟು ವೇಗವಾಗಿ, ತಪ್ಪಿಲ್ಲದೆ ಹೊಡೆಯುವವರನ್ನು ನಾನು ಇವತ್ತಿಗೂ ನೋಡಿಲ್ಲ. ನಾನು ಪುಟಗಳ ಕೆಲಸ ಕಲಿಯುವಾಗ ಪಕ್ಕದಲ್ಲೇ ಕೂತು ಅವರೂ ಕಲಿತರು. ಎಲ್ಲಾದರೂ ಸಿಕ್ಕಿಬಿದ್ದಾಗ ಉತ್ತರ ಹುಡುಕುತ್ತಿದ್ದುದು ಹೆಚ್ಚಾಗಿ ಅವರೇ. ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಪದವಾಗಿ ಓದಿ, ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬಂದು ತೋರಿಸುತ್ತಿದ್ದರು. ಗಿರಾಕಿಗಳ ಮುಂದೆ ಅದನ್ನು ನಾನು ಕಂಡುಹಿಡಿದದ್ದು ಎಂಬಂತೆ ಹೇಳುತ್ತಿದ್ದೆ. ಅವರು ಒಮ್ಮೆಯೂ ಎದುರಾಡಲಿಲ್ಲ.

ಈಗ ಹೇಳುವುದು ನಡೆದು ಹನ್ನೆರಡು ಹದಿಮೂರು ವರ್ಷವಾಯಿತು. ಹಳ್ಳಿಯ ಹೆಣ್ಣುಮಕ್ಕಳು ತುಮಕೂರಿನಲ್ಲಿ ಉಳಿದು ಪಿಯುಸಿ ಓದಲೆಂದು ಒಂದು ಟ್ರಸ್ಟ್ ಉಚಿತ ಹಾಸ್ಟೆಲ್ ನಡೆಸುತ್ತಿತ್ತು. ಟ್ರಸ್ಟಿನ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಆಯ್ಕೆಯಾದವರಿಗೆ ಕಾಗದ ಹಾಕಿದರೆ ಅರ್ಧ ತಲುಪುವುದಿಲ್ಲ, ಈ ಸಲ ಕಂಪ್ಯೂಟರಿನಲ್ಲೇ ಪಟ್ಟಿ ಸಿಗುವಂತೆ ಮಾಡಿಕೊಡಿ ಎಂದು ಅವರು ನನ್ನ ಹತ್ತಿರ ಬಂದರು. ಹೆಬ್ಬೂರು, ಗುಬ್ಬಿ, ಕುಣಿಗಲ್ ಈ ಮೂರು ಕಡೆ ಅರ್ಜಿ ತೆಗೆದುಕೊಳ್ಳುವ ಸೆಂಟರುಗಳಿದ್ದವು. ಹುಡುಗಿ ಅಲ್ಲಿಗೆ ಬಂದು ತನ್ನ ಅರ್ಜಿಯ ನಂಬರ್ ಹೊಡೆದರೆ ಸೀಟು ಸಿಕ್ಕಿದೆಯೋ ಇಲ್ಲವೋ ತೋರಿಸಬೇಕು. ಸಿಕ್ಕವರು ಎಂಟು ದಿನದೊಳಗೆ ಬಂದು ಸೇರಬೇಕು. ಬಾರದಿದ್ದರೆ ಸೀಟು ಮುಂದಿನವರಿಗೆ. ನಿಯಮ ಅಷ್ಟೇ.

ತೊಡಕು ಎಲ್ಲಿತ್ತು ಎಂದು ಹೇಳದಿದ್ದರೆ ನನ್ನ ತಪ್ಪು ಅರ್ಥವಾಗುವುದಿಲ್ಲ. ಟ್ರಸ್ಟಿನ ವೆಬ್‌ಸೈಟು ಬೇರೆ ಯಾರದೋ ಸರ್ವರಿನಲ್ಲಿತ್ತು. ಅಲ್ಲಿ ಪುಟ ಇಡಬಹುದಿತ್ತು, ಪಟ್ಟಿಯಲ್ಲಿ ಹುಡುಕುವ ಪ್ರೋಗ್ರಾಂ ಇಡಲು ಬಿಡುತ್ತಿರಲಿಲ್ಲ. ಹಾಗಾಗಿ ಪಟ್ಟಿಯನ್ನು ನಾವು ಬಾಡಿಗೆಗೆ ಪಡೆದಿದ್ದ ಇನ್ನೊಂದು ಸರ್ವರಿನಲ್ಲಿ ಇಟ್ಟೆವು. ಪುಟ ಒಂದು ಮನೆಯಲ್ಲಿ, ಪಟ್ಟಿ ಇನ್ನೊಂದು ಮನೆಯಲ್ಲಿ. ಪುಟದ ಒಳಗಿನ ಜಾವಾಸ್ಕ್ರಿಪ್ಟ್ ಎರಡನೆಯ ಮನೆಗೆ ಹೋಗಿ ಕೇಳಿಕೊಂಡು ಬರಬೇಕು. ಇದಕ್ಕೆ ಬ್ರೌಸರ್ ಸುಲಭವಾಗಿ ಬಿಡುವುದಿಲ್ಲ. ಒಂದು ಮನೆಯಿಂದ ಬಂದವನು ಇನ್ನೊಂದು ಮನೆಯ ಸಾಮಾನು ಕೇಳಿದರೆ ಅದಕ್ಕೆ ಕಳ್ಳತನದ ಅನುಮಾನ. ಹೊಸ ಬ್ರೌಸರುಗಳಾದರೆ, ಪಟ್ಟಿ ಇರುವ ಸರ್ವರು ‘ಈ ಪುಟಕ್ಕೆ ಕೊಡಬಹುದು’ ಎಂದು ಉತ್ತರದ ಜೊತೆ ಒಂದು ಸಾಲು ಕಳಿಸಿದರೆ ಒಪ್ಪುತ್ತಿದ್ದವು. ಆ ಸಾಲನ್ನು ನಾನು ಹಾಕಿದ್ದೆ. ನನ್ನ ಅಂಗಡಿಯ ಹೊಸ ಬ್ರೌಸರಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಸೆಂಟರುಗಳಲ್ಲಿ ಇದ್ದದ್ದು ಹಳೆಯ ಬ್ರೌಸರ್. ಅವರ ಇನ್ನೊಂದು ಯಾವುದೋ ಅರ್ಜಿಯ ಕೆಲಸ ಅದರಲ್ಲಿ ಮಾತ್ರ ನಡೆಯುತ್ತಿದ್ದರಿಂದ ಅದನ್ನು ಬದಲಾಯಿಸುವಂತಿರಲಿಲ್ಲ. ಆ ಬ್ರೌಸರಿಗೆ ನನ್ನ ಅನುಮತಿಯ ಸಾಲು ಓದಲು ಬರುತ್ತಿರಲಿಲ್ಲ. ಕೇಳುವ ಮೊದಲೇ ಬಾಗಿಲು ಹಾಕಿಬಿಡುತ್ತಿತ್ತು. ಬಾಗಿಲು ಹಾಕಿದಾಗ ಏನು ಮಾಡಬೇಕು ಎಂದು ಪುಟದಲ್ಲಿ ಬರೆಯುವ ಜಾಗದಲ್ಲಿ ನಾನು ಬೇರೆ ಯೋಚಿಸದೆ ಒಂದೇ ವಾಕ್ಯ ಬರೆದಿದ್ದೆ: ‘ನಿಮ್ಮ ಹೆಸರು ಆಯ್ಕೆ ಪಟ್ಟಿಯಲ್ಲಿಲ್ಲ.’ ಪಟ್ಟಿಯಲ್ಲಿ ನಂಬರ್ ಇಲ್ಲದಿದ್ದರೂ ಅದೇ, ಪಟ್ಟಿಯವರೆಗೆ ಹೋಗಲಾಗದಿದ್ದರೂ ಅದೇ.

ಇದನ್ನು ಮೊದಲು ಕಂಡವರು ಆಕೆ. ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿ ನನ್ನನ್ನು ಕರೆದರು.

“ಸಾರ್, ಇದ್ರಲ್ಲಿ ಎಲ್ರಿಗೂ ಇಲ್ಲ ಅಂತ ಬರ್ತಿದೆ. ಸಿಗ್ಲಿಲ್ಲ ಅನ್ನೋದು ಬೇರೆ, ಕೇಳೋಕೇ ಆಗ್ಲಿಲ್ಲ ಅನ್ನೋದು ಬೇರೆ ಅಲ್ವಾ. ಎರಡಕ್ಕೂ ಒಂದೇ ಬರ್ದಿದೀರಿ.”

ಅವರ ಹತ್ತಿರ ಅದಕ್ಕೆ ದಾರಿಯೂ ಇತ್ತು. ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಿದ್ದರು. ಬ್ರೌಸರ್ ಮಾಹಿತಿಗೆ ಬಾಗಿಲು ಹಾಕಿದರೂ ಬೇರೆ ಮನೆಯ ಸ್ಕ್ರಿಪ್ಟ್ ಫೈಲಿಗೆ, ಅಂದರೆ ಪುಟ ನಡೆಸುವ ಕೋಡಿಗೆ, ಹಾಕುವುದಿಲ್ಲ. ಎಷ್ಟು ಹಳೆಯದಾದರೂ ಅದನ್ನು ಒಳಗೆ ಬಿಡುತ್ತದೆ. ಆದ್ದರಿಂದ ನಮ್ಮ ಸರ್ವರು ಉತ್ತರವನ್ನೇ ಒಂದು ಪುಟ್ಟ ಸ್ಕ್ರಿಪ್ಟಿನ ರೂಪದಲ್ಲಿ ಕಳಿಸಿದರೆ ಸಾಕು. ಒಂದು ದಿನದ ಕೆಲಸ, ನಾನೇ ಮಾಡುತ್ತೇನೆ ಎಂದರು.

ಅವರ ಮಾತು ಸರಿ ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ಹಿಂದಿನ ದಿನವಷ್ಟೇ ಮೇಷ್ಟ್ರಿಗೆ ಕೆಲಸ ಮುಗಿಯಿತು ಎಂದು ಹೇಳಿ ಹೊಗಳಿಸಿಕೊಂಡಿದ್ದೆ. ಮತ್ತೆ ಹೋಗಿ ಇಲ್ಲ, ನಮ್ಮವರೊಬ್ಬರು ತಪ್ಪು ಹಿಡಿದರು ಅನ್ನಲು ಮನಸ್ಸು ಬರಲಿಲ್ಲ. ಹಳೆಯ ಬ್ರೌಸರಿನ ಸೆಟ್ಟಿಂಗಿನಲ್ಲಿ, ಬೇರೆ ಕಡೆಯ ಮಾಹಿತಿಯನ್ನು ತರಲು ಬಿಡು ಎಂದು ಒಂದು ಗುರುತು ಹಾಕುವ ಜಾಗವಿದೆ. ಮೂರು ಊರಿಗೂ ನಾನೇ ಹೋಗಿ ಗುರುತು ಹಾಕಿ ಬರುತ್ತೇನೆ, ಆರು ಮಷಿನ್ ತಾನೇ ಎಂದೆ.

ಆಕೆಗೆ ಅದು ಹಿಡಿಸಲಿಲ್ಲ. ಒಬ್ಬ ನೆಂಟ ಬರುತ್ತಾನೆ ಅಂತ ಮನೆ ಬಾಗಿಲನ್ನೇ ಕಿತ್ತಿಟ್ಟ ಹಾಗೆ ಅದು, ಯಾವ ಸೈಟಿಗೆ ಬೇಕಾದರೂ ದಾರಿಯಾಗುತ್ತದೆ ಎಂದರು. ನಾನು ಕೇಳದಿದ್ದಾಗ, ಹೋಗುವುದಾದರೆ ಯಾವ ಊರಿನ ಯಾವ ಮಷಿನ್ ಆಯಿತು ಅಂತ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ ಎಂದರು. ಅದನ್ನೂ ನಾನು ಮಾಡಲಿಲ್ಲ. ನನ್ನದೇ ಒಂದು ಪದ್ಧತಿ ಇತ್ತು. ರಿಪೇರಿ ಮುಗಿದ ಟೈಪ್‌ರೈಟರಿನ ನೆತ್ತಿಗೆ ಒಂದು ಬೊಟ್ಟು ಕುಂಕುಮ ಇಡುವುದು. ಹಾಗೆಯೇ ಗುರುತು ಹಾಕಿದ ಮಷಿನ್ನಿನ ಮಾನಿಟರಿಗೆ, ಎಡಗಡೆ ಮೇಲಿನ ಮೂಲೆಯಲ್ಲಿ, ಒದ್ದೆ ಬೆರಳಿನಿಂದ ಒಂದು ಬೊಟ್ಟು ಇಟ್ಟರೆ ಆಯಿತು. ಬರೆಯುವ ಕೆಲಸವಿಲ್ಲ, ಪುಸ್ತಕ ಕಳೆಯುವ ಭಯವಿಲ್ಲ. ಕುಂಕುಮದ ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಹೆಬ್ಬೂರಿನಲ್ಲಿ ಒಂದೇ ಮಷಿನ್, ಹತ್ತು ನಿಮಿಷದಲ್ಲಿ ಮುಗಿಯಿತು. ಗುಬ್ಬಿಯಲ್ಲಿ ಎರಡು. ಅಲ್ಲಿನ ಸೆಂಟರಿನವನು ನಾನು ಬೊಟ್ಟಿಡುವುದನ್ನು ನೋಡಿ, “ಏನ್ ಸಾರ್, ಇದಕ್ಕೂ ಕುಂಕುಮಾನಾ? ಒಂದ್ ತಾಳೀನೂ ಕಟ್ಬುಡಿ, ಆಮೇಲೆ ಎಲ್ಲೂ ಓಡೋಗಲ್ಲ” ಎಂದು ತಮಾಷೆ ಮಾಡಿದ. ನಾನೂ ನಕ್ಕೆ.

ಕುಣಿಗಲ್ಲಿನಲ್ಲಿ ಮೂರು ಮಷಿನ್. ಒಂದು ಬಾಗಿಲ ಹತ್ತಿರ, ಎರಡು ಒಳಗಡೆ ಗೋಡೆಯ ಪಕ್ಕ. ಬಾಗಿಲ ಹತ್ತಿರದ್ದಕ್ಕೆ ಗುರುತು ಹಾಕಿ ಬೊಟ್ಟಿಟ್ಟೆ. ಒಳಗಿನದರ ಮುಂದೆ ಕೂರುವಷ್ಟರಲ್ಲಿ ಕರೆಂಟು ಹೋಯಿತು. ಒಂದು ಗಂಟೆ ಕಾದೆ. ಬರಲಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಆ ಇನ್ನೊಂದು ದಿನ ಬಂದದ್ದು ಒಂದು ವಾರದ ಮೇಲೆ, ಪಟ್ಟಿ ಹೊರಬೀಳುವ ಹಿಂದಿನ ದಿನ, ಶನಿವಾರ. ಸೆಂಟರ್ ನಡೆಸುತ್ತಿದ್ದ ಹೆಣ್ಣುಮಗಳು ಊಟಕ್ಕೆ ಹೊರಟಿದ್ದಳು. ಒಳಗೆ ಹೋಗಿ ನೋಡಿದೆ. ಮೂರು ಮಾನಿಟರುಗಳ ಎಡಗಡೆ ಮೇಲಿನ ಮೂಲೆಯಲ್ಲೂ ಕುಂಕುಮವಿತ್ತು.

ಇಲ್ಲಿ ನಾನು ನಿಜ ಹೇಳಬೇಕು. ಹೇಳದಿದ್ದರೆ ಇದನ್ನು ಬರೆದೂ ಸುಖವಿಲ್ಲ. ನಾನು ಮೋಸಹೋಗಲಿಲ್ಲ. ಶುಕ್ರವಾರ ಅಂಗಡಿಗಳಲ್ಲಿ ಪೂಜೆ ಮಾಡಿ ತಕ್ಕಡಿಗೆ, ಮಷಿನ್ನಿಗೆ ಕುಂಕುಮ ಹಚ್ಚುವುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಅಂಗಡಿಯಲ್ಲೂ ಹಚ್ಚುತ್ತಿದ್ದೆವು. ಒಂದು ಬೊಟ್ಟು ಮೊದಲೇ ಇದ್ದುದರಿಂದ ಆ ಹೆಣ್ಣುಮಗಳು ಉಳಿದೆರಡಕ್ಕೂ ಅದೇ ಮೂಲೆಯಲ್ಲಿ ಇಟ್ಟಿರಬೇಕು. ಹೋದ ಸಲ ಒಂದೇ ಮಷಿನ್ ಮುಗಿಸಿದ್ದು ಎಂಬುದೂ ತಲೆಯ ಒಂದು ಮೂಲೆಯಲ್ಲಿತ್ತು. ಆದರೆ ಅವಳು ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತುಮಕೂರಿನ ಬಸ್ಸು ಹೊರಡುವ ಹೊತ್ತಾಗಿತ್ತು. ಮಷಿನ್ ಆನ್ ಮಾಡಿ ನೋಡಿದರೆ ಇನ್ನೊಂದು ಬಸ್ಸಿಗೆ ಕಾಯಬೇಕು. ಕುಂಕುಮ ಇದೆಯಲ್ಲ ಎಂದುಕೊಂಡೆ. ಎಲ್ಲ ಸರಿ ಇದೆ ಕಣಮ್ಮ ಎಂದು ಹೇಳಿ ಹೊರಟೆ.

ಅಂಗಡಿಗೆ ಬಂದಾಗ ಆಕೆ, ಕುಣಿಗಲ್ಲಿನ ಮೂರೂ ಆಯಿತಾ ಎಂದು ಕೇಳಿದರು. ಆಯಿತು ಎಂದೆ. ನಂಬರ್ ಹೊಡೆದು ನೋಡಿದಿರಾ ಎಂದು ಕೇಳಿದರು. ನಿಮಗೆ ನನ್ನ ಮೇಲೆ ಯಾಕೆ ಇಷ್ಟು ಅನುಮಾನ ಎಂದು ರೇಗಿದೆ.

ಎಂಟು ದಿನ ಕಳೆಯಿತು. ಕುಣಿಗಲ್ಲಿನಲ್ಲಿ ಬಾಗಿಲ ಹತ್ತಿರದ ಮಷಿನ್ನಿನಲ್ಲಿ ನೋಡಿದ ಹುಡುಗಿಯರು ಬಂದು ಸೇರಿದರು. ಒಳಗಿನದರಲ್ಲಿ ನೋಡಿದವರಲ್ಲಿ ಆಯ್ಕೆಯಾಗಿದ್ದವಳು ಒಬ್ಬಳೇ ಎಂದು ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆ. ಒಬ್ಬಳೇ ಎಂಬುದನ್ನು ಸಮಾಧಾನವಾಗಿ ಹೇಳುತ್ತಿಲ್ಲ.

ಆ ಹುಡುಗಿಯ ಊರು ಯಡಿಯೂರಿನ ಹತ್ತಿರದ ಒಂದು ಹಳ್ಳಿ. ತಾಯಿ ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ತಂದೆ ಇರಲಿಲ್ಲ. ಸೇರುವ ದಿನ ಮುಗಿದು ಹದಿನೈದು ದಿನವಾದ ಮೇಲೆ, ಹಾಸ್ಟೆಲಿಗೆ ಸೇರಿದ್ದ ಅವಳ ಸಹಪಾಠಿಯೊಬ್ಬಳು ಊರಿಗೆ ಬಂದವಳು, ನಿನ್ನ ಹೆಸರು ಹಾಸ್ಟೆಲಿನ ಬೋರ್ಡಿನಲ್ಲಿತ್ತಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದಳಂತೆ. ಮರುದಿನವೇ ತಾಯಿ ಮಗಳು ತುಮಕೂರಿಗೆ ಬಂದರು. ಸೀಟು ಆಗಲೇ ಬೇರೆಯವಳಿಗೆ ಹೋಗಿತ್ತು. ಆ ಹುಡುಗಿಯೂ ಬಡವಳೇ. ಅವಳನ್ನು ಎಬ್ಬಿಸಿ ಇವಳನ್ನು ಕೂರಿಸುವಂತಿರಲಿಲ್ಲ. ಮೇಷ್ಟ್ರು ತಾಯಿ ಮಗಳನ್ನು ನೇರ ನನ್ನ ಅಂಗಡಿಗೆ ಕರೆದುಕೊಂಡು ಬಂದರು.

ಬೆಳಗಿನ ಹನ್ನೊಂದರ ಹೊತ್ತು. ಅಂಗಡಿಯಲ್ಲಿ ಕೆಲಸಕ್ಕೆ ಬಂದ ಇಬ್ಬರು ಮೂವರು ಗಿರಾಕಿಗಳೂ ಇದ್ದರು. ಮೇಷ್ಟ್ರು ವಿಷಯ ಹೇಳಿದರು. ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ಚಪ್ಪಲಿ ಕಳಚಿ ಕಾಲು ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ನನ್ನ ಜೊತೆ ಕೆಲಸದ ಆಕೆ ಅವಳ ಹತ್ತಿರ ಬಗ್ಗಿ, ಯಾವ ಮಷಿನ್ನಿನಲ್ಲಿ ನೋಡಿದೆ ಎಂದು ಮೆತ್ತಗೆ ಕೇಳಿದರು.

“ಒಳಗಡೆ, ಗೋಡೆ ಪಕ್ದಲ್ಲಿರೋದ್ರಲ್ಲಿ” ಎಂದಳು ಹುಡುಗಿ. “ಎರಡ್ ದಿನ ಹೋಗಿದ್ದೆ. ಎರಡ್ ದಿನಾನೂ ಅದ್ರಲ್ಲೇ.”

ನನಗೆ ಅಲ್ಲೇ ಎಲ್ಲ ಗೊತ್ತಾಯಿತು. ಆಕೆಗೂ ಗೊತ್ತಾಯಿತು. ತಲೆಯೆತ್ತಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ನೀವೇ ಹೇಳಿ ಎಂದು ಬಿಟ್ಟುಕೊಟ್ಟ ಹಾಗಿತ್ತು. ಅವರು ಬಾಯಿ ಬಿಡುವ ಮೊದಲು ನಾನು ಮಾತಾಡಬೇಕು ಎಂದಷ್ಟೇ ನನಗೆ ಅನ್ನಿಸಿದ್ದು.

“ಎಂಟ್ರೀಲಿ ಏನೋ ತಪ್ಪಾಗಿರ್ಬೇಕು ಮೇಷ್ಟ್ರೇ” ಎಂದೆ. “ಪಟ್ಟಿ ಟೈಪ್ ಮಾಡಿದ್ದು ಇವರು.”

ಆಕೆ ತಮ್ಮ ಕುರ್ಚಿಗೆ ಹೋಗಿ, ಪುಟ ತೆರೆದು, ಹುಡುಗಿಯ ನಂಬರ್ ಹೊಡೆದರು. ಹೆಸರು ಬಂತು. ಸ್ಕ್ರೀನನ್ನು ಮೇಷ್ಟ್ರ ಕಡೆ ತಿರುಗಿಸಿದರು.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ನನ್ನ ಕಡೆ ತಿರುಗಿದರು. ಆಗಲಾದರೂ ನಾನು ಸುಮ್ಮನಿರಬಹುದಿತ್ತು.

“ಈಗ ತಿದ್ದಿರ್ತಾರೆ, ಬಿಡಿ” ಎಂದೆ.

ಮೊದಲನೆಯ ಸುಳ್ಳು ಹೆದರಿಕೆಯಿಂದ ಬಂತು ಅನ್ನಬಹುದೇನೋ. ಎರಡನೆಯದಕ್ಕೆ ಆ ನೆಪ ಇಲ್ಲ. ಮೊದಲನೆಯದರಲ್ಲಿ ಆಕೆಯನ್ನು ಕೈತಪ್ಪು ಮಾಡುವವಳು ಎಂದೆ. ಎರಡನೆಯದರಲ್ಲಿ ಕಳ್ಳಿ ಎಂದೆ. ಹದಿನೆಂಟು ವರ್ಷ ಒಂದು ಕಾಗುಣಿತವನ್ನೂ ತಪ್ಪದ ಕೈ ಅದು.

ತಾಯಿ ಎದ್ದು ಆಕೆಯ ಮುಂದೆ ಹೋಗಿ ನಿಂತರು. ಕೂಗಾಡಲಿಲ್ಲ. “ನನ್ ಮಗ್ಳ ಹಣೇಬರ ನಿನ್ ಬೆರಳ್ ತುದೀಲಿತ್ತಲ್ಲವ್ವ. ಆ ಕೈ ಸೇದೋಗ್ಲಿ” ಎಂದರು. ಆಮೇಲೆ ಮಗಳ ಚಪ್ಪಲಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿ, ನಡಿ ಎಂದರು.

ಅವರೆಲ್ಲ ಹೋದ ಮೇಲೆ ಆಕೆ ಊಟದ ಡಬ್ಬಿ, ಛತ್ರಿ ತೆಗೆದುಕೊಂಡರು. ಬಾಗಿಲ ಹತ್ತಿರ ನಿಂತು, ಕುಣಿಗಲ್ಲಿನ ಒಳಗಿನ ಮಷಿನ್ ನೋಡಿದ್ದಿರಾ ಎಂದು ಒಂದೇ ಪ್ರಶ್ನೆ ಕೇಳಿದರು. ನಾನು ಗಿರಾಕಿಯೊಬ್ಬನ ಬಾಂಡ್ ಪೇಪರನ್ನು ಪ್ರಿಂಟರಿಗೆ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. ಅವರು ಮತ್ತೆ ಅಂಗಡಿಗೆ ಬರಲಿಲ್ಲ.

ಊರಿನಲ್ಲಿ ಮಾತು ಹರಡಿತು. ಟ್ರಸ್ಟಿನ ಕೆಲಸದಲ್ಲಿ ತಪ್ಪು ಮಾಡಿ, ಸಿಕ್ಕಿಬಿದ್ದಾಗ ಕಂಪ್ಯೂಟರಿನಲ್ಲಿ ತಿದ್ದಿದವಳು ಎಂದು. ಅವರನ್ನು ಕೆಲಸಕ್ಕೆ ಕರೆಯಬೇಕೆಂದಿದ್ದ ಒಂದು ಶಾಲೆಯವರು ನನ್ನನ್ನೇ ಬಂದು ವಿಚಾರಿಸಿದರು. ಕೆಲಸ ಚೆನ್ನಾಗಿ ಮಾಡುತ್ತಾರೆ, ಆದರೆ... ಎಂದು ಅಲ್ಲಿಗೇ ನಿಲ್ಲಿಸಿದೆ. ಆ ‘ಆದರೆ’ ಸಾಕಾಯಿತು. ನನ್ನ ಅಂಗಡಿ ಇನ್ನೂ ಆರು ವರ್ಷ ನಡೆಯಿತು. ಮೇಷ್ಟ್ರು ನನ್ನನ್ನು ಸಾರ್ ಎಂದೇ ಕರೆದರು. ಟ್ರಸ್ಟಿನ ಪುಟಕ್ಕೆ ಮುಂದಿನ ವರ್ಷ ಸ್ಕ್ರಿಪ್ಟಿನ ದಾರಿಯನ್ನೇ ಹಾಕಿದೆ, ಆಕೆ ಹಾಳೆಯ ಹಿಂಬದಿಯಲ್ಲಿ ಬರೆದದ್ದನ್ನು ನೋಡಿಕೊಂಡು. ಆ ಹಾಳೆಯನ್ನು ಅವರು ಬಿಟ್ಟುಹೋಗಿದ್ದರು.

ಇಷ್ಟು ವರ್ಷ ಸುಮ್ಮನಿದ್ದವನಿಗೆ ಈಗ ಯಾಕೆ ಬುದ್ಧಿ ಬಂತು ಎಂದರೆ, ಅದಕ್ಕೂ ದೊಡ್ಡ ಕಾರಣವಿಲ್ಲ. ಹೋದ ವರ್ಷ ಹಿರಿಯ ನಾಗರಿಕರ ಕಾರ್ಡಿಗೆಂದು ಒಂದು ಸೆಂಟರಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ನಂಬರ್ ಹೊಡೆದು, “ನಿಮ್ ರೆಕಾರ್ಡೇ ಇಲ್ಲ ತಾತ” ಎಂದಳು. ಇಲ್ಲವೋ, ನೋಡಲು ಆಗುತ್ತಿಲ್ಲವೋ ಎಂದು ನಾನು ಕೇಳಿದೆ. “ಇಲ್ಲ ಅಂತ ಬರ್ತಿದೆಯಲ್ಲ, ನಾನೇನ್ ಮಾಡ್ಲಿ” ಎಂದಳು. ಮರುದಿನ ಹೋದಾಗ ರೆಕಾರ್ಡ್ ಬಂತು. ಹಿಂದಿನ ದಿನ ನೆಟ್‌ವರ್ಕ್ ಇರಲಿಲ್ಲವಂತೆ. ಯಾರೋ ಒಬ್ಬ ನನ್ನಂಥವನೇ ಎರಡಕ್ಕೂ ಒಂದೇ ವಾಕ್ಯ ಬರೆದಿದ್ದ. ನನಗೆ ಒಂದು ದಿನ ಹೋಯಿತು, ಅಷ್ಟೇ. ಎಂಟು ದಿನದ ಗಡುವಿರಲಿಲ್ಲ. ಆದರೂ ಮನೆಗೆ ನಡೆದು ಬರುವಾಗ ಆ ಹುಡುಗಿಯ ಅರ್ಜಿ ನಂಬರು ನಾಲಿಗೆಯ ಮೇಲೆ ಬಂತು. ನನ್ನ ಸ್ವಂತ ಫೋನ್ ನಂಬರು ಮರೆಯುತ್ತದೆ, ಅದು ಮರೆತಿಲ್ಲ.

ಅದಾದ ಮೇಲೂ ಹೊರಡಲು ಹಲವು ತಿಂಗಳು ಬೇಕಾಯಿತು. ಕೊನೆಗೆ ಹೋದ ತಿಂಗಳು ಗುಬ್ಬಿಗೆ ಹೋದೆ. ಆಕೆ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅರ್ಜಿ ಟೈಪ್ ಮಾಡಿಕೊಡುತ್ತಿದ್ದಾರೆ ಎಂದು ಕೇಳಿ ತಿಳಿದಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೀಬೋರ್ಡಿನ ಮೇಲೆ ಕೈ ಮಾತ್ರ ಹಾಗೆಯೇ ಓಡುತ್ತಿತ್ತು.

“ಬನ್ನಿ ಸಾರ್, ಕೂತ್ಕೊಳ್ಳಿ. ಯಾವ ಅರ್ಜಿ?” ಎಂದರು.

ಗುರುತು ಸಿಗಲಿಲ್ಲವೇನೋ ಎಂದುಕೊಂಡೆ. ಸಿಕ್ಕಿತ್ತು. ನಾನು ಹೇಳಬೇಕಾದದ್ದನ್ನು ಹೇಳಿದೆ: ಕುಣಿಗಲ್ಲಿನ ಕರೆಂಟು, ಶುಕ್ರವಾರದ ಕುಂಕುಮ, ಬಸ್ಸಿನ ಆತುರ, ಎಲ್ಲ. ಅವರು ಟೈಪ್ ಮಾಡುವುದನ್ನು ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ, ನನಗೆ ಗೊತ್ತು ಎಂದರು. ಅಂಗಡಿ ಬಿಟ್ಟ ಮರುದಿನವೇ ಕುಣಿಗಲ್ಲಿಗೆ ಹೋಗಿದ್ದರಂತೆ. ಒಳಗಿನ ಮಷಿನ್ನಿನಲ್ಲಿ ಆ ಹುಡುಗಿಯ ನಂಬರ್ ಹೊಡೆದು, ನನ್ನ ವಾಕ್ಯವನ್ನು ತಾವೇ ಓದಿದರಂತೆ. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಒಳಗಿನ ಎರಡು ಮಷಿನ್ನಿಗೂ ಗುರುತು ಹಾಕಿ ಬಂದರಂತೆ. ತಮಗೆ ಒಪ್ಪಿಗೆಯಿಲ್ಲದ ಕೆಲಸ, ನಾನು ಮಾಡಿದೆನೆಂದು ಸುಳ್ಳು ಹೇಳಿದ ಕೆಲಸ, ಅದನ್ನೂ ಅವರೇ ಮುಗಿಸಿದ್ದರು.

ಮೇಷ್ಟ್ರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಲು ನನಗೆ ನಾಚಿಕೆಯಾಗಬೇಕಿತ್ತು.

“ಹೇಳ್ದೆ ಸಾರ್. ಅರ್ಧ ಗಂಟೆ ಹೇಳ್ದೆ. ಬ್ರೌಸರ್ ಅಂದೆ, ಸರ್ವರ್ ಅಂದೆ, ಎರಡ್ ಮನೆ ಅಂದೆ. ಎಲ್ಲಾ ಕೇಳಿ, ತಪ್ಪು ಒಪ್ಕೊಂಡ್ಬಿಟ್ರೆ ಮನಸ್ಸು ಹಗುರ ಆಗುತ್ತೆ ಕಣಮ್ಮ ಅಂದ್ರು.”

ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರಿಗೆ ಇನ್ನು ಹೇಳುವಂತಿಲ್ಲ. ನನ್ನನ್ನು ಕ್ಷಮಿಸಿ ಎಂದು ಆಕೆಗೆ ಹೇಳಿದೆ. ಆಕೆ ಹಾಳೆಯನ್ನು ಪ್ರಿಂಟರಿನಿಂದ ಎಳೆದು, ಹೊರಗೆ ಕಾಯುತ್ತಿದ್ದ ಒಬ್ಬ ರೈತನಿಗೆ ಕೊಟ್ಟು, ಎಲ್ಲಿ ಸಹಿ ಹಾಕಬೇಕು ಎಂದು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನನ್ಗೆ ಗೊತ್ತಿರೋದನ್ನ ನನ್ಗೇ ಬಂದು ಹೇಳಿದ್ರೆ ಏನ್ ಬಂತು? ಆ ತಾಯಿಗೆ ಹೇಳಿ. ಶಾಪ ಹಾಕಿದ್ದು ಅವ್ರು.”

ಟೀ ತರಿಸಲಿಲ್ಲ. ನಾನು ಕಾಯಲೂ ಇಲ್ಲ.

ಎರಡು ದಿನ ಬಿಟ್ಟು ಯಡಿಯೂರಿನಲ್ಲಿ ಇಳಿದು, ಆಟೋ ಹಿಡಿದು ಆ ಹಳ್ಳಿಗೆ ಹೋದೆ. ತಾಯಿ ಇನ್ನೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾರೆ. ಮಕ್ಕಳ ಊಟ ಮುಗಿದಿತ್ತು. ಹಿತ್ತಲಿನಲ್ಲಿ ದೊಡ್ಡ ಪಾತ್ರೆಯೊಂದನ್ನು ಮಲಗಿಸಿ ಒಳಗೆ ಅರ್ಧ ಮೈ ಹಾಕಿ ತಿಕ್ಕುತ್ತಿದ್ದರು. ನಾನು ಯಾರೆಂದು ಹೇಳಿದೆ. ಮೊದಲು ನೆನಪಾಗಲಿಲ್ಲ. ಟೈಪಿಂಗ್ ಅಂಗಡಿ ಎಂದ ಮೇಲೆ ಪಾತ್ರೆ ಬಿಟ್ಟು ಎದ್ದು ನಿಂತರು.

ಬ್ರೌಸರ್, ಸರ್ವರ್ ಯಾವುದನ್ನೂ ಹೇಳಲಿಲ್ಲ. ಮಷಿನ್ನು ಸರಿಮಾಡಬೇಕಾದದ್ದು ನನ್ನ ಕೆಲಸ, ಮಾಡದೆ ಮಾಡಿದೆ ಎಂದೆ, ಆಮೇಲೆ ನನ್ನ ತಪ್ಪನ್ನು ಆ ಹೆಂಗಸಿನ ಮೇಲೆ ಹೊರಿಸಿದೆ, ಆಕೆ ನಿಮ್ಮ ಮಗಳ ಹೆಸರನ್ನು ಸರಿಯಾಗಿಯೇ ಬರೆದಿದ್ದರು ಎಂದೆ. ಇಷ್ಟು ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ. ಆ ಎರಡು ನಿಮಿಷಕ್ಕೆ ನಾನು ಹನ್ನೆರಡು ವರ್ಷ ತೆಗೆದುಕೊಂಡಿದ್ದೆ.

ಮಗಳು ಏನು ಮಾಡುತ್ತಿದ್ದಾಳೆ ಎಂದು ನಾನೇ ಕೇಳಿದೆ. ಆ ವರ್ಷ ಕಾಲೇಜಿಗೆ ಸೇರಲೇ ಇಲ್ಲವಂತೆ. ಮುಂದಿನ ವರ್ಷ ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋದಳಂತೆ. ಮದುವೆಯಾಗಿದೆ, ಈಗಲೂ ಅಲ್ಲೇ ಕೆಲಸ. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಿದ್ದಳು ಎಂದು ತಾಯಿ ಹೇಳಿದರು. ಇವತ್ತಿಗೂ ಆ ಅಂಕಪಟ್ಟಿ ಪೆಟ್ಟಿಗೆಯಲ್ಲಿದೆ ಎಂದರು.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೂದಿ ಮೆತ್ತಿದ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

“ಆಯಮ್ಮನ್ ಕೈಗೇನಾರ ಆಗೈತಾ?” ಎಂದು ಕೇಳಿದರು.

ಇಲ್ಲ, ಚೆನ್ನಾಗಿದ್ದಾರೆ, ಇವತ್ತಿಗೂ ಟೈಪ್ ಮಾಡುತ್ತಾರೆ ಎಂದೆ.

“ಸದ್ಯ” ಎಂದರು. “ಹಬ್ಬ ಹುಣ್ವೆ ಅನ್ನದಂಗೆ ಬೈಕಂಡಿದೀನಿ. ದೀಪ ಹಚ್ಚುವಾಗ್ಲೂ ಬೈಕಂಡಿದೀನಿ.”

ಆಕೆ ಎಲ್ಲಿದ್ದಾರೆ ಎಂದು ಕೇಳಿದರು. ಬೇಕಾದರೆ ನಾನೇ ಗುಬ್ಬಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಬೇಡ ಎಂದರು.

“ನೀವ್ ಬರ್ಬ್ಯಾಡಿ. ನಾನೇ ಓಯ್ತೀನಿ. ಎಲ್ಲೀಂತ ಬರ್ಕೊಡಿ, ಸಾಕು.”

ಶಾಲೆಯ ಹುಡುಗರು ಬಿಸಾಡಿದ್ದ ನೋಟ್ ಪುಸ್ತಕದ ಹಾಳೆಯೊಂದನ್ನು ತಂದುಕೊಟ್ಟರು. ಗೋಡೆಗೆ ಒತ್ತಿಟ್ಟುಕೊಂಡು ಗುಬ್ಬಿಯ ಬಸ್ ಸ್ಟ್ಯಾಂಡು, ಅಲ್ಲಿಂದ ಎಡಕ್ಕೆ, ಜೆರಾಕ್ಸ್ ಅಂಗಡಿ ಎಂದು ಬರೆದೆ. ಅವರು ಅದನ್ನು ತಿರುಗಿಸಿ ನೋಡಿ, ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮತ್ತೆ ಪಾತ್ರೆಯ ಹತ್ತಿರ ಕೂತು ತಿಕ್ಕತೊಡಗಿದರು.

ಅವರು ಗುಬ್ಬಿಗೆ ಹೋದರೋ ಇಲ್ಲವೋ ನನಗೆ ತಿಳಿದಿಲ್ಲ. ಇಬ್ಬರಲ್ಲಿ ಯಾರನ್ನಾದರೂ ಕೇಳಲು ನನಗೆ ಮುಖವಿಲ್ಲ. ಹೋಗಿದ್ದರೆ ಆ ಅಂಗಡಿಯಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು ಎಂದು ಯೋಚಿಸುತ್ತೇನೆ. ಅಲ್ಲಿ ನನ್ನ ಹೆಸರು ಹೇಗೆ ಬಂದರೂ ಅದು ಸರಿಯಾಗಿಯೇ ಬಂದಿರುತ್ತದೆ.